ಎರಡನೇ ಸಲದ ರಕ್ತ

ಮೊನ್ನೆ ನಮ್ಮ ಬಿಲ್ಡಿಂಗಿನ ಕೆಳಗೆ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದರು. ಸ್ಪಿರಿಟಿನ ವಾಸನೆ ಮೆಟ್ಟಿಲವರೆಗೂ ಬಂತು. ತರಕಾರಿ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಆಸ್ಪತ್ರೆಯ ಆ ಸಿಸ್ಟರ್ ನೆನಪಾದರು... ಕುಂದಾಪುರದ ಕಡೆಯವರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ.

ಆಗ ನಾವು ಬೈಕುಲ್ಲಾದ ಚಾಳಿನಲ್ಲಿದ್ದೆವು. ಅಪ್ಪ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದೋಸೆ ಭಟ್ಟರು. ಟ್ಯೂಷನ್ ಹೇಳಿಕೊಂಡು, ರಾತ್ರಿ ಕಾಲೇಜಿಗೆ ಹೋಗಿ ನಾನು ಬಿ.ಕಾಂ. ಮುಗಿಸಿದ್ದೆ. ನಮ್ಮ ಮನೆತನದಲ್ಲೇ ಮೊದಲ ಡಿಗ್ರಿ. ಆಮೇಲೆ ಯಾವ ಕಾಗದ ಬಂದರೂ ನನ್ನ ಕೈಗೇ. ನಾನು ಹೇಳಿದ್ದೇ ಕಡೆಯ ಮಾತು.

ತಂಗಿಗೆ ಹತ್ತು ವರ್ಷ. ಆ ವರ್ಷ ಅವಳಿಗೆ ಮೂರು ಸಲ ನ್ಯುಮೋನಿಯಾ ಬಂದಿತ್ತು. ತಾಯಿ ಸರಿಯಾಗಿ ಉಣ್ಣಿಸುವುದಿಲ್ಲ ಅಂತ ಚಾಳಿನಲ್ಲೆಲ್ಲ ಮಾತು. ಡಾಕ್ಟರು ಮೊದಲು ರಕ್ತ ತೆಗೆಸಿ, ನ್ಯುಮೋನಿಯಾದ ಲಸಿಕೆ ಹಾಕಿಸಿ, ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ಕೊಡಲು ಬನ್ನಿ ಅಂದಿದ್ದರು. ಆ ನಾಲ್ಕು ವಾರ ತಂಗಿ ಒಮ್ಮೆಯೂ ಕೆಮ್ಮಲಿಲ್ಲ. ಲಸಿಕೆ ಹಿಡಿದಿದೆ, ಮಗುವಿಗೆ ಸುಮ್ಮನೆ ಮತ್ತೆ ಯಾಕೆ ಚುಚ್ಚಿಸುವುದು ಅಂದೆ ನಾನು. ಅಪ್ಪ ಆ ದಿನಕ್ಕೆ ಹೋಟೆಲಿನಲ್ಲಿ ರಜೆ ಕೇಳಲೇ ಇಲ್ಲ, ನಾವು ಹೋಗಲಿಲ್ಲ.

ಹೇಳಿದ ದಿನ ದಾಟಿ ಐದನೇ ದಿನ, ಡ್ಯೂಟಿ ಮುಗಿಸಿ ಸಿಸ್ಟರ್ ನಮ್ಮ ಚಾಳಿನ ಮೆಟ್ಟಿಲು ಹತ್ತಿ ಬಂದರು. ಯಾಕೆ ಬರಲಿಲ್ಲ ಅಂತ ಕೇಳಿದರು. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ತಾನೇ ದಿನ ಮರೆತದ್ದು ಅಂದರು. ನಾನು ಸಿಸ್ಟರಿಗೆ ನೀರು ತರಲು ಒಳಗೆ ಹೋದೆ.

"ಎಂತ ಭಟ್ರೇ, ಆ ಲಸಿಕೆ ಕಾಯಿಲೆ ಗುಣ ಮಾಡ್ಲಿಕ್ಕೆ ಅಲ್ಲ. ನಾವು ಮೈಗೊಂದು ಆರ್ಡರ್ ಕೊಟ್ಟದ್ದು. ಒಳಗಿಂದ ದೋಸೆ ಬಂತಾ ಇಲ್ವಾ ಅಂತ ನೋಡ್ಬೇಡ್ವಾ?"

ಎರಡು ಸಲದ ರಕ್ತವನ್ನೂ ಹೋಲಿಸಿದರೆ ಮಾತ್ರ ಗೊತ್ತಾಗುವುದು, ಇನ್ನೂ ತಡವಾದರೆ ಲೆಕ್ಕ ತಪ್ಪುತ್ತದೆ ಅಂದರು. ಮರುದಿನ ಬೆಳಿಗ್ಗೆಯೇ ಹೋದೆವು.

ಒಳಗಿಂದ ಏನೂ ಬಂದಿರಲಿಲ್ಲ... ಲಸಿಕೆ ಹಾಕಿದರೂ ತಂಗಿಯ ರಕ್ತದಲ್ಲಿ ರೋಗದ ಜೊತೆ ಸೆಣಸುವ ಪ್ರತಿಕಾಯ ಏರಿರಲಿಲ್ಲ. ಬೇರೆ ಪರೀಕ್ಷೆಗಳನ್ನೂ ನೋಡಿ ಡಾಕ್ಟರು, ಇದು ರೋಗ ತಡೆಯುವ ಶಕ್ತಿಯದೇ ಕೊರತೆ, ಉಣ್ಣಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದರು. ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮನಸಾರೆ ಅತ್ತರು. ಅಷ್ಟು ಹಗುರಾದ ಅವರ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಿಂಗಳಿಗೊಮ್ಮೆ ಪ್ರತಿಕಾಯದ ಡ್ರಿಪ್ ಶುರುವಾಯಿತು. ಆಮೇಲೆ ನ್ಯುಮೋನಿಯಾ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ತಂಗಿ ಈಗ ದಾದರಿನ ಆಫೀಸಿಗೆ ದಿನಾ ಲೋಕಲ್ ಟ್ರೇನಿನಲ್ಲಿ ನೂಕಾಡಿಕೊಂಡು ಹೋಗಿಬರುತ್ತಾಳೆ. ಸಿಸ್ಟರ್ ಹೋದ ವರ್ಷ ಊರಿನಲ್ಲಿ ತೀರಿಕೊಂಡರಂತೆ... ಅವತ್ತಿನ ತಪ್ಪು ನನ್ನದು ಅಂತ ಅವರಿಗೆ ಹೇಳದೆಯೇ ಉಳಿದೆ. ಮೊನ್ನೆ ಸಂಜೆ ತಂಗಿಯ ಹತ್ತಿರ ಇದನ್ನೇ ಹೇಳಿಕೊಂಡೆ.

"ಅವರಿಗೆ ಗೊತ್ತಿತ್ತು ಅಕ್ಕ," ಅಂದಳು. "ಮೊದಲನೇ ಡ್ರಿಪ್ ದಿನವೇ ನಾನು ಹೇಳಿಬಿಟ್ಟಿದ್ದೆ. ನಿನಗೆ ಹೇಳಬೇಡ ಅಂದ್ರು. ಅಷ್ಟು ಕಷ್ಟಪಟ್ಟು ಓದಿದ್ದಾಳೆ, ನೊಂದ್ಕೊಳ್ತಾಳೆ ಅಂತ."