ಪೈಪಿನ ಮೇಲೆ ನನ್ನ ಅಕ್ಷರ

ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ನನಗೆ ಅಲ್ಲಿಂದ ದಕ್ಕಿದ್ದು ಒಂದೇ ಆಸ್ತಿ, ದುಂಡಗಿನ ಅಕ್ಷರ. ನನ್ನ ಕಾಪಿ ಪುಸ್ತಕವನ್ನು ಟೀಚರು ಬೇರೆ ಕ್ಲಾಸಿಗೂ ಒಯ್ದು ತೋರಿಸುತ್ತಿದ್ದರು. ಮುಂದೆ ಡಿಪ್ಲೊಮಾ, ನೌಕರಿ ಎಲ್ಲ ಇಂಗ್ಲಿಷು, ಹಿಂದಿಯಲ್ಲೇ ನಡೆದು ಆ ಅಕ್ಷರಕ್ಕೆ ಕೆಲಸವೇ ಇರಲಿಲ್ಲ. ನಲವತ್ತು ದಾಟಿದ ಮೇಲೆ ಅದು ಮತ್ತೆ ಉಪಯೋಗಕ್ಕೆ ಬಂದದ್ದು ಖಾರಘರದ ಒಂದು ಆಫೀಸು ಕಟ್ಟಡದ ಬೇಸ್‌ಮೆಂಟಿನಲ್ಲಿ, ತಣ್ಣೀರಿನ ಪೈಪಿನ ಮೇಲೆ.

ನನ್ನ ಕೆಲಸ ಏನೆಂದು ಮನೆಯಲ್ಲಿ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ದೊಡ್ಡ ಕಟ್ಟಡದ ಏಸಿ, ಪಂಪು, ಫ್ಯಾನುಗಳನ್ನೆಲ್ಲ ಈಗ ಒಂದು ಕಂಪ್ಯೂಟರು ನಡೆಸುತ್ತದೆ. ಎಲ್ಲಿ ಎಷ್ಟು ತಂಪು, ಎಷ್ಟು ಒತ್ತಡ ಎಂದು ಅದಕ್ಕೆ ತಿಳಿಸಲು ಪೈಪುಗಳಲ್ಲಿ ಸೆನ್ಸರ್ ಕೂರಿಸಬೇಕು. ಪೈಪು ಹಾಕುವವನು ಒಬ್ಬ ಕಂತ್ರಾಟುದಾರ, ಸೆನ್ಸರ್ ತರುವವನು ಇನ್ನೊಬ್ಬ, ವೈರು ಎಳೆಯುವವನು ಮತ್ತೊಬ್ಬ. ಪ್ರತಿಯೊಬ್ಬನೂ ಇದು ನನ್ನ ಕೆಲಸವಲ್ಲ ಎನ್ನುತ್ತಾನೆ. ಹಾಗಾದರೆ ಯಾರ ಕೆಲಸ ಎಂದು ತೀರ್ಮಾನಿಸುವವನು ನಾನು. ನನಗೆ ವೆಲ್ಡಿಂಗ್ ಬರುವುದಿಲ್ಲ, ವೈರಿಂಗ್ ಬರುವುದಿಲ್ಲ. ಬೆರಳು ಮಾಡಿ ತೋರಿಸುವುದು ಚೆನ್ನಾಗಿ ಬರುತ್ತದೆ.

ಅಲ್ಲಿ ಪೈಪಿನ ಕೆಲಸಕ್ಕೆ ಕಲಬುರಗಿ ಕಡೆಯ ಒಬ್ಬ ಫಿಟ್ಟರ್ ಇದ್ದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ವೆಲ್ಡಿಂಗೂ ಅವರದೇ. ವರ್ಷಗಟ್ಟಲೆ ಆ ಬೆಳಕು ನೋಡಿ ನೋಡಿ ಕಣ್ಣು ಕೆಟ್ಟಿತ್ತು, ಮಧ್ಯಾಹ್ನದ ಹೊತ್ತಿಗೇ ನೀರು ಸುರಿಯಲು ಶುರುವಾಗುತ್ತಿತ್ತು. ಡ್ರಾಯಿಂಗ್ ಇಂಗ್ಲಿಷಿನಲ್ಲಿ, ಅವರು ಓದಿದ್ದು ಕನ್ನಡದ ನಾಲ್ಕನೇ ಇಯತ್ತೆ. ಹಾಗಾಗಿ ನಮ್ಮಿಬ್ಬರದ್ದೇ ಒಂದು ಪದ್ಧತಿ ಬೆಳೆಯಿತು. ನಾನು ಬಿಳಿ ಪೇಂಟ್ ಮಾರ್ಕರ್ ತೆಗೆದು, ಪೈಪಿನ ಮೇಲೆ ಒಂದು ಚುಕ್ಕಿ ಇಟ್ಟು, ಪಕ್ಕದಲ್ಲಿ ‘ಇಲ್ಲಿ’ ಎಂದು ಬರೆಯುತ್ತಿದ್ದೆ. ಅವರು ಆ ಚುಕ್ಕಿಯಲ್ಲೇ ತೂತು ಕೊರೆದು, ಸೆನ್ಸರ್ ಕೂರುವಂಥ ಗಿಡ್ಡ ಕೊಳವೆಯೊಂದನ್ನು ವೆಲ್ಡ್ ಮಾಡುತ್ತಿದ್ದರು. ಅದಕ್ಕೆ ನಾವು ಪಾಕೆಟ್ ಎನ್ನುತ್ತೇವೆ. ಸೈಟಿನ ನಿಯಮದಂತೆ ಪ್ರತಿ ಪಾಕೆಟ್ಟಿಗೂ ಒಂದು ಕಾಗದ, ಎರಡು ಸಹಿ ಬೇಕು. ಕನ್ನಡದವರ ನಡುವೆ ಕಾಗದ ಯಾಕೆ ಎಂದು ಇಬ್ಬರೂ ಅದನ್ನು ಬಿಟ್ಟೆವು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ನನ್ನ ಹೊಟ್ಟೆಗೇ ಹೋಗುತ್ತಿತ್ತು.

ಬೇಸ್‌ಮೆಂಟಿನ ಈ ಪ್ಲಾಂಟ್ ರೂಮ್, ಅಂದರೆ ಯಂತ್ರಗಳ ಕೋಣೆ, ಪರೀಕ್ಷೆಯಲ್ಲಿ ಪಾಸಾದರೆ ಅವರಿಗೆ ಸೂಪರ್‌ವೈಸರ್ ಕೆಲಸ ಎಂದು ಅವರ ಮ್ಯಾನೇಜರ್ ಮಾತು ಕೊಟ್ಟಿದ್ದ. ಹಳದಿ ಹೆಲ್ಮೆಟ್ ಹೋಗಿ ಬಿಳಿ ಹೆಲ್ಮೆಟ್ ಬರುತ್ತದೆ. ಅವರಿಗೆ ಗತ್ತು ಬೇಕಿರಲಿಲ್ಲ.

“ಬೆಂಕಿ ಮುಂದ ಕೂಡೋದು ತಪ್ಪತದ ನೋಡ್ರಿ ಸರ. ಇದ್ದ ಕಣ್ಣರೆ ಉಳಿತಾವ,” ಎಂದಿದ್ದರು.

ನೀರು ತಂಪು ಮಾಡುವ ನಾಲ್ಕು ಚಿಲ್ಲರ್ ಯಂತ್ರ, ಎಂಟು ಪಾಕೆಟ್. ಯಂತ್ರಕ್ಕೂ ವಾಲ್ವಿಗೂ ನಡುವೆ ನಾನು ಎಂಟು ಕಡೆ ‘ಇಲ್ಲಿ’ ಬರೆದದ್ದು ಒಂದು ಬುಧವಾರ, ಹಳೆಯ ಡ್ರಾಯಿಂಗ್ ನೋಡಿಕೊಂಡು. ಹೊಸದು ಸೋಮವಾರವೇ ಮೇಲ್‌ನಲ್ಲಿ ಬಂದಿತ್ತು. ಥಾಣೆಗೆ ಬರುವ ಲೋಕಲ್ ರೈಲಿನಲ್ಲಿ ಯಾರದೋ ಮೊಣಕೈ ಪಕ್ಕೆಗೆ ತಿವಿಯುತ್ತಿದ್ದಾಗ ಅದನ್ನು ಕಂಡು, ಆಮೇಲೆ ನೋಡಿದರಾಯಿತು ಎಂದು ಫೋನ್ ಜೇಬಿಗೆ ಹಾಕಿದ್ದೆ. ಅದರಲ್ಲಿ ಪಾಕೆಟ್ಟುಗಳು ವಾಲ್ವಿನ ಆಚೆಗೆ ಹೋಗಿದ್ದವು. ಈಚೆಗೆ ಪೈಪಿನ ತಿರುವು ತೀರಾ ಹತ್ತಿರ, ನೀರು ಸುಳಿ ತಿರುಗಿ ಸೆನ್ಸರ್ ತಪ್ಪು ತೋರಿಸುತ್ತದೆ. ನಾನು ಅದನ್ನು ತೆರೆದು ಓದುವಷ್ಟರಲ್ಲಿ ಎಂಟೂ ವೆಲ್ಡ್ ಆಗಿ, ಪೈಪಿಗೆ ಕಪ್ಪು ರಬ್ಬರ್ ಹೊದಿಕೆ ಸುತ್ತಿಯಾಗಿತ್ತು. ಅವತ್ತೇ ಒಪ್ಪಿಕೊಂಡಿದ್ದರೆ ನಾಲ್ಕು ಬೈಗುಳ ತಿಂದು ಮುಗಿಯುತ್ತಿತ್ತು. ಯಾರು ಟೇಪು ಹಿಡಿದು ಅಳೆಯುತ್ತಾರೆ ಎಂದುಕೊಂಡು ಸುಮ್ಮನಾದೆ.

ಮುಂದಿನ ವಾರ ಕಟ್ಟಡದ ಮಾಲೀಕರ ಪರವಾಗಿ ಪರೀಕ್ಷೆಗೆ ಬಂದ ಕನ್ಸಲ್ಟೆಂಟ್ ಟೇಪು ಹಿಡಿದು ಅಳೆದ. ಎಂಟೂ ತಪ್ಪು ಜಾಗದಲ್ಲಿವೆ, ಜಾಗ ಗುರುತಿಸಿ ಕೊಟ್ಟವರು ಯಾರು ಎಂದು ಕೇಳಿದ. ಪೈಪ್ ಕಂಪನಿಯ ಮ್ಯಾನೇಜರ್ ಫಿಟ್ಟರ್ ಕಡೆ ನೋಡಿದ. ಫಿಟ್ಟರ್ ನನ್ನ ಕಡೆ ನೋಡಿದರು. ಅವರಿಗೆ ಭಯವೇ ಇರಲಿಲ್ಲ, ನಾನು ಪಕ್ಕದಲ್ಲೇ ಇದ್ದೆನಲ್ಲ.

“ಸರ, ನೀವ ಬರದು ಕೊಟ್ಟೀರಲ್ರಿ. ಹೇಳ್ರಿ ಅವರಿಗಿ.”

“ಜೋ ಬೋಲ್ನಾ ಹೈ ಹಿಂದಿ ಮೇ ಬೋಲೋ,” ಎಂದೆ. “ತುಮ್ಹಾರೇ ಪಾಸ್ ಕಾಗಜ್ ಹೈ?”

ಹೇಳುವುದನ್ನು ಹಿಂದಿಯಲ್ಲಿ ಹೇಳು, ನಿನ್ನ ಹತ್ತಿರ ಕಾಗದ ಇದೆಯೇ ಎಂದು ಕೇಳುವಾಗ, ಅಣ್ಣ ಎನ್ನುತ್ತಿದ್ದ ಬಾಯಿ ಅಷ್ಟು ಸಲೀಸಾಗಿ ತುಮ್‌ಗೆ ಇಳಿಯಿತು. ಕಾಗದ ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಹಿಂದಿಯಲ್ಲೇ, ಬರೆದದ್ದು ರಬ್ಬರಿನ ಕೆಳಗಿದೆ ಎಂದು ಹೇಳಿ, ಚಾಕು ತೆಗೆದು ಮೊದಲ ಪಾಕೆಟ್ಟಿನ ಸುತ್ತಲಿನ ಹೊದಿಕೆ ಸೀಳಿದರು. ಕಪ್ಪು ಪೈಪಿನ ಮೇಲೆ ನನ್ನ ಬಿಳಿ ಅಕ್ಷರ, ಟೀಚರು ಮೆಚ್ಚಿದ್ದ ಅದೇ ದುಂಡು, ಒಂದು ಚೂರೂ ಮಾಸಿರಲಿಲ್ಲ.

ಕನ್ಸಲ್ಟೆಂಟ್ ಬಗ್ಗಿ ನೋಡಿ, ಇದೇನು ಬರೆದಿದೆ ಎಂದು ನನ್ನನ್ನು ಕೇಳಿದ. ಆ ನೆಲಮಾಳಿಗೆಯಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ. ನಾನು ನಕ್ಕು, ಇದು ಇವರ ಊರಿನ ದೇವರ ಹೆಸರು, ಕೆಲಸ ಶುರು ಮಾಡುವಾಗ ಬರೆದುಕೊಳ್ಳುತ್ತಾರೆ, ಹಳ್ಳಿಯವರ ನಂಬಿಕೆ ಎಂದೆ. ಮ್ಯಾನೇಜರೂ ನಕ್ಕ. ಅಲ್ಲ ಸಾಬ್, ‘ಯಹಾಂ’, ಇಲ್ಲಿ ಎಂದು ಬರೆದಿದೆ ಎಂದು ಫಿಟ್ಟರ್ ಹೇಳುತ್ತಲೇ ಇದ್ದರು. ಒಬ್ಬನ ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಬ್ಬನ ಕೈಯಲ್ಲಿ ಚಾಕು. ಕನ್ಸಲ್ಟೆಂಟ್‌ಗೆ ತೀರ್ಮಾನ ಕಷ್ಟವಾಗಲಿಲ್ಲ.

ಫಿಟ್ಟರ್ ನನ್ನ ಹತ್ತಿರ ಬಂದರು. ದನಿ ಏರಿಸಲಿಲ್ಲ.

“ಮಾರ್ಕರ್ ಕೊಡ್ರಿ ಸರ. ನಾನೂ ಬರೀತೀನಿ. ಎರಡೂ ಅಕ್ಷರ ಅವರೇ ನೋಡ್ಲಿ.”

ಮಾರ್ಕರ್ ನನ್ನ ಅಂಗಿಯ ಜೇಬಿನಲ್ಲಿತ್ತು, ಮುಚ್ಚಳ ಹೊರಗೆ ಇಣುಕುತ್ತಿತ್ತು. ಮುಗಿದುಹೋಗಿದೆ ಎಂದೆ. ಅವರು ಜೇಬು ನೋಡಿದರು, ನನ್ನ ಮುಖ ನೋಡಿದರು. ಎರಡನೇ ಸಲ ಕೇಳಲಿಲ್ಲ. ನನಗೆ ಆಗ ನಾಚಿಕೆಯಾಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಬಚಾವಾದೆ ಎನಿಸಿತು, ಮೇಲೆ ಹೋಗಿ ಚಹಾ ಕುಡಿದೆ.

ರಬ್ಬರ್ ಬಿಚ್ಚಿ, ಪೈಪಿನ ನೀರು ಖಾಲಿ ಮಾಡಿ, ಎಂಟನ್ನೂ ಕತ್ತರಿಸಿ ತೂತು ಮುಚ್ಚಿ, ವಾಲ್ವಿನ ಆಚೆಗೆ ಮತ್ತೆ ಕೂರಿಸಬೇಕು, ತಪ್ಪು ಮಾಡಿದವನೇ ಮಾಡಲಿ ಎಂದು ಮ್ಯಾನೇಜರ್ ಹೇಳಿದ. ಬಿಳಿ ಹೆಲ್ಮೆಟ್ ಐರೋಲಿಯ ಸೈಟಿನಿಂದ ಬಂದ ಬೇರೊಬ್ಬನ ತಲೆಗೇರಿತು. ಹೊಸ ಜಾಗ ತೋರಿಸಲೂ ನಾನು ಕೆಳಗಿಳಿಯಲಿಲ್ಲ, ಈ ಸಲ ಕಾಗದ ಕಳಿಸಿದೆ, ಎರಡು ಸಹಿಯೊಂದಿಗೆ. ಫಿಟ್ಟರ್ ನಾಲ್ಕು ದಿನ ಆ ಬೆಂಕಿಯ ಮುಂದೆ ಕುಳಿತರು. ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿದ್ದನ್ನು ಒಮ್ಮೆ ಮೇಲಿನಿಂದ ಕಂಡೆ, ಬೇರೆ ಬಾಗಿಲಿನಿಂದ ಹೋದೆ.

ಅವರನ್ನು ಅಂಬರನಾಥದ ಸೈಟಿಗೆ ವೆಲ್ಡಿಂಗಿಗೇ ಕಳಿಸಿದ ಮರುದಿನ ನಾನು ಕೆಲಸ ಪರೀಕ್ಷಿಸಲು ಇಳಿದೆ. ವೆಲ್ಡುಗಳು ಸೊಗಸಾಗಿದ್ದವು. ಹೊಸ ಪಾಕೆಟ್ ಒಂದೊಂದರ ಪಕ್ಕದಲ್ಲೂ ಅವರೇ ಎಲ್ಲಿಂದಲೋ ಮಾರ್ಕರ್ ತಂದು ಬರೆದಿದ್ದರು. ಸೊಟ್ಟಪಟ್ಟ ಅಕ್ಷರ, ಒತ್ತು ಎಲ್ಲೋ ಕೆಳಗೆ ಜಾರಿಹೋಗಿದೆ. ‘ಇಲ್ಲಿ’. ಎಂಟು ಸಲ. ವಾಲ್ವಿನ ಈಚೆಗೆ ನನ್ನದು, ಆಚೆಗೆ ಅವರದು, ನಡುವೆ ಒಂದು ಮೊಳವೂ ಇಲ್ಲ. ಕನ್ನಡ ಬಾರದವನೂ ನಿಂತು ನೋಡಿದರೆ ಸಾಕು, ಎರಡು ಕಡೆಯೂ ಒಂದೇ ಮಾತು, ಬರೆದ ಕೈ ಬೇರೆ ಎಂದು ಹೇಳಿಬಿಡುತ್ತಿದ್ದ.

ಕನ್ಸಲ್ಟೆಂಟ್ ಹನ್ನೊಂದಕ್ಕೆ ಬರುವವನಿದ್ದ. ರಬ್ಬರ್ ಸುತ್ತುವವನು, ಇದನ್ನು ಒರೆಸಲೇ ಎಂದು ಕೇಳಿದ. ಬೇಡ, ಒಣಗಿದ್ದು ಹೋಗಲು ಹೊತ್ತು ಹಿಡಿಯುತ್ತದೆ, ಬೇಗ ಸುತ್ತು ಎಂದೆ.