ಒಂದಕ್ಷರ ಕೆಳಗಿಳಿದ ಕೊಂಬೊ

ನಮ್ಮ ಕನ್ನಡದಲ್ಲಿ ಮರ್ಯಾದೆ ಮಾತಿನ ಬಾಲದಲ್ಲಿರುತ್ತದೆ: ಬಂದ, ಬಂದರು, ಬಂತು. ಆಫ್ರಿಕದ ಪೆಂಬಾ ದ್ವೀಪದ ಸ್ವಾಹಿಲಿಯಲ್ಲಿ ಅದು ತಲೆಯಲ್ಲೇ ಇದೆ. 'ಮ್ತು' ಅಂದರೆ ಮನುಷ್ಯ. ಮುಂದಿನ 'ಮ್' ಕಿತ್ತು 'ಕಿ' ಹಚ್ಚಿದರೆ 'ಕಿತು', ಬರೀ ವಸ್ತು. ಚಾಕು, ಕುರ್ಚಿ, ಬುಟ್ಟಿ, ಚಮಚ, ಎಲ್ಲವೂ ಈ 'ಕಿ' ಮನೆತನದವೇ.

ಕೊಂಬೊ ಫಾಕಿ ಹರೆಯದಿಂದ 'ಮ್ವುವಿ', ಅಂದರೆ ಮೀನುಗಾರ. ಐವತ್ತರ ಹತ್ತಿರ ಕಣ್ಣು ಹೋಗಿ 'ಕಿಪೋಫು' ಆದ. ಕುರುಡ, ಕಿವುಡ, ಕುಂಟರನ್ನೆಲ್ಲ ಕುರ್ಚಿ ಬುಟ್ಟಿಗಳ ಪಂಕ್ತಿಯಲ್ಲಿ ಕೂರಿಸಿದ ಪುಣ್ಯಾತ್ಮ ಯಾರೋ, ಅವನ ನಾಲಿಗೆಗೆ ಹುಳ ಬೀಳಲಿ!

ಆ ಭಾಷೆಗೆ ಒಂದಿಷ್ಟು ದಯೆಯೂ ಇದೆ. ಹೆಸರಿಗೆ 'ಕಿ' ಅಂಟಿದರೂ ಕುರುಡ ಬಂದಾಗ ಮನುಷ್ಯರಿಗೆ ಹೇಳುವ ಹಾಗೆ 'ಅಮೆಕುಜಾ', ಬಂದ, ಅನ್ನಬೇಕು. 'ಕಿಮೆಕುಜಾ' ಅಂದರೆ ಬಂತು. ಕೊಂಬೊ ಆ ಒಂದು 'ಅ' ಹಿಡಿದುಕೊಂಡೇ ಜೀವ ಇಟ್ಟುಕೊಂಡಿದ್ದ. ಯಾರಾದರೂ ತಪ್ಪಿದರೆ ಹೆಂಡತಿ ಮೀಜೆ ಅಂಗಳಕ್ಕಿಳಿದು ಜಗಳಕ್ಕೆ ನಿಲ್ಲುತ್ತಿದ್ದಳು. "ನನ್ನ ಗಂಡ ಏನು ಚಮಚವೇನೋ? ಬಂದ ಅನ್ನು!"

ಈಚೆಗೆ ಮೀಜೆ ತೆಂಗಿನ ನಾರು ಹೊಸೆದು ಒಬ್ಬಳೇ ಮನೆ ನಡೆಸುತ್ತಿದ್ದಳು. ಜಗಳಕ್ಕೂ ತ್ರಾಣ ಬೇಕಲ್ಲ.

ಅದನ್ನು ಬಲ್ಲ ಕೊಂಬೊ, ಹಳೆಯ ಜೊತೆಗಾರ ಶಾಮೆಯ ಬಳಿ ಹೋದ. ದೋಣಿ ಈಗ ಶಾಮೆಯ ಕೈಯಲ್ಲಿತ್ತು. "ಹಗ್ಗ ಎಳೆಯೋಕೆ ಕಣ್ಣು ಯಾಕೋ ತಮ್ಮ? ಒಂದ್ಸಲ ಕರ್ಕೊಂಡು ಹೋಗು."

"ಆಯ್ತಣ್ಣ, ನಾಳೆ ಬಾ," ಎಂದ ಶಾಮೆ. ಇಲ್ಲ ಅನ್ನಲು ಬಾಯಿ ಬರಲಿಲ್ಲ, ಅಷ್ಟೆ.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಕೊಂಬೊ ದೋಣಿ ಹತ್ತಿ ತನ್ನ ಹಳೆಯ ಜಾಗದಲ್ಲಿ ಕೂತ. ಉಪ್ಪುಗಾಳಿ ಮುಖಕ್ಕೆ ಬಡಿದಾಗ ಮತ್ತೆ ಮ್ವುವಿಯಾದೆ ಅನ್ನಿಸಿತು. ಉಳಿದವರೂ ಹತ್ತಿದ ಮೇಲೆ ದಡದಿಂದ ಶಾಮೆ ಅವರನ್ನು ಸಾಮಾನು ವಿಚಾರಿಸತೊಡಗಿದ.

"ಚಾಕು ಬಂತಾ?"

"ಬಂತು!"

"ಬುಟ್ಟಿ ಬಂತಾ?"

"ಬಂತು!"

"ಕುರುಡು ಬಂತಾ?"

ನಾಲಿಗೆ ಅದೇ ಓಟದಲ್ಲಿ ಜಾರಿತ್ತು. ದೋಣಿಯೆಲ್ಲ ಗೊಳ್ಳೆಂದು ನಕ್ಕಿತು. "ಬಂತು, ಬಂತು! ಎಲ್ಲಿ ಕಟ್ಟಿಡೋಣ ಇದನ್ನ?" ಎಂದನೊಬ್ಬ. ಶಾಮೆಯೂ ನಕ್ಕುಬಿಟ್ಟ. ಅವರೇನು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವರನ್ನು ಬೈಯಲಾದರೂ ಕೊಂಬೊಗೆ ಆಗುತ್ತಿತ್ತು. ಅವನು ತಡವರಿಸಿ ಮೊಣಕಾಲುದ್ದ ನೀರಿಗಿಳಿದು ದಡದತ್ತ ನಡೆದ. ಯಾರೂ ತಡೆಯಲಿಲ್ಲ.

ಮನೆ ಬಾಗಿಲಲ್ಲಿ ನಿಂತು ಕೆಮ್ಮಿದ. ಒಳಗೆ ಮೀಜೆ ಮರಗೆಣಸು ಹೆರೆಯುತ್ತಿದ್ದಳು.

"ಯಾರದು?"

"ಕಿಮೆಕುಜಾ," ಎಂದ ಕೊಂಬೊ. "ಬಂತು ಕಣೇ, ಕುರುಡು."

ಹೆರೆಯುವ ಸದ್ದು ನಿಂತಿತು. ಅವನು ಕಾದ. ಒಮ್ಮೆ ಗದರಲಿ, 'ಬಂದೆ ಅನ್ನಿ' ಅನ್ನಲಿ, ಅಷ್ಟು ಸಾಕಿತ್ತು ಅವನಿಗೆ. ಸದ್ದು ಮತ್ತೆ ಶುರುವಾಯಿತು.

"ಬಾಗಿಲಿಗಡ್ಡ ನಿಲ್ಬೇಡಿ," ಎಂದಳು ಮೀಜೆ. "ಬೆಳಕು ಬರ್ತಿಲ್ಲ."