ಪಿನ್ನು ಹೊಡೆದ ವಿಜ್ಞಾನ

ನಂಬಬೇಡಿ. ಇದನ್ನು ನಂಬದೆ ಕೊನೆಯವರೆಗೆ ಓದಿ ತೋರಿಸಿ, ನೀವು ಗಟ್ಟಿ ಆಸಾಮಿ ಎಂದು ಒಪ್ಪುತ್ತೇನೆ. ಹೊಸಪೇಟೆ–ಕಂಪ್ಲಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ನಿದ್ದೆ ಹೋಗಿದ್ದ ಮದುವೆ ದಿಬ್ಬಣವನ್ನು ‘ಊರು ಬಂತು’ ಎಂದು ಎಬ್ಬಿಸಿ, ಎಲ್ಲರೂ ಗಂಟುಮೂಟೆ ಹೊತ್ತು ಬಾಗಿಲಿಗೆ ಬಂದ ಮೇಲೆ, ‘ಇನ್ನೂ ಅರ್ಧ ದಾರಿ ಐತಿ, ಕುಂದ್ರಿ’ ಎಂದವನು. ಆ ರೂಟಿನಲ್ಲಿ ನನ್ನ ಕೈಗೆ ಸಿಕ್ಕು ಮಂಗನಾಗದೆ ಇಳಿದವರು ಕಡಿಮೆ. ಆದರೆ ಇಲ್ಲಿ ನಗಿಸಲು ಕೂತಿಲ್ಲ. ಕಳೆದ ವರ್ಷ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮಗಳು, ಅಳಿಯ, ಮೊಮ್ಮಗಳು ಹೊಸಪೇಟೆಯಲ್ಲಿ ನನ್ನ ಜೊತೆಗೇ ಇದ್ದಾರೆ. ಅಳಿಯ ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸಗಾರ. ಮೊಮ್ಮಗಳು ಆಗ ಹತ್ತನೇ ಕ್ಲಾಸು. ಅವಳ ಪುಸ್ತಕದಲ್ಲಿರುವ ಚಿತ್ರಗಳಿಗೆಲ್ಲ ಮೀಸೆ ಬರೆಯುವುದು ನನ್ನ ಹಳೆಯ ಚಟ. ಒಂದು ಸಂಜೆ ವಿಜ್ಞಾನದ ಪುಸ್ತಕ ಎತ್ತಿಕೊಂಡು ಪೆನ್ನು ತೆರೆದೆ. ಪುಟ ತೆರೆಯಲಿಲ್ಲ. ನಡುವಿನ ಪಾಠಗಳನ್ನೆಲ್ಲ ಕಟ್ಟು ಕಟ್ಟಾಗಿ ಸೇರಿಸಿ ಸ್ಟೇಪ್ಲರಿನಿಂದ ಪಿನ್ನು ಹೊಡೆದಿದ್ದರು.

“ಇದ್ಯಾಕವ್ವ ಹಿಂಗ?”

“ಆ ಪಾಠ ನಮಗಿಲ್ಲ ತಾತ.”

“ನಿಮಗಿಲ್ಲ ಅಂದ್ರ ಮತ್ಯಾರಿಗೆ?”

“ಮುಂದಿನ ಬೆಂಚಿನವ್ರಿಗೆ. ನಾವು ಪ್ಯಾಕೇಜಿನವ್ರು.”

ನನಗೆ ಪ್ಯಾಕೇಜ್ ಎಂದರೆ ತಿರುಪತಿ ಪ್ಯಾಕೇಜ್ ಗೊತ್ತು. ಇದು ಪಾಸಿಂಗ್ ಪ್ಯಾಕೇಜ್. ಮೊದಲ ಟೆಸ್ಟಿನಲ್ಲಿ ಕಡಿಮೆ ಅಂಕ ಬಂದವರನ್ನೆಲ್ಲ ಹಿಂದೆ ಕೂರಿಸುತ್ತಾರೆ. ಹೃದಯದ ಚಿತ್ರ, ಹೂವಿನ ಚಿತ್ರ, ನರಕೋಶದ ಚಿತ್ರ, ಜೊತೆಗೆ ಒಂದಿಷ್ಟು ಪ್ರಶ್ನೆ ಉತ್ತರ. ಇಷ್ಟನ್ನೇ ಪರೀಕ್ಷೆಯ ದಿನದವರೆಗೆ ಮತ್ತೆ ಮತ್ತೆ ಬರೆಯಬೇಕು. ಪಾಸಾಗಲು ಅಷ್ಟು ಸಾಕು. ಉಳಿದ ಪಾಠ ನೋಡಿದರೆ ಮನಸ್ಸು ಚದುರುತ್ತದಂತೆ, ಅದಕ್ಕೆ ಪಿನ್ನು.

ಪಾಸಾದರೆ ಅಳಿಯನಿಗೆ ಸಾಕು. ಇವಳಿಗೆ ಸಾಲದು. ನನ್ನ ಸಕ್ಕರೆ ಕಾಯಿಲೆಗೆ ರಕ್ತ ತೆಗೆಯುವ ಲ್ಯಾಬಿನಲ್ಲಿ ಒಬ್ಬಾಕೆ ಇದ್ದಾಳೆ. ಜೊತೆಗೆ ಬಂದಿದ್ದ ಇವಳಿಗೆ ಒಮ್ಮೆ ಮೈಕ್ರೋಸ್ಕೋಪಿನಲ್ಲಿ ನನ್ನದೇ ರಕ್ತ ತೋರಿಸಿದ್ದಳು. ಅಂದಿನಿಂದ ಇವಳದು ಒಂದೇ ಹಟ, ನಾನೂ ಇದೇ ಕೆಲಸ ಮಾಡುತ್ತೇನೆ ಎಂದು. ಅದಕ್ಕೆ ಪಿಯುಸಿಯಲ್ಲಿ ಸೈನ್ಸ್ ಬೇಕು. ಪ್ಯಾಕೇಜಿನ ಅಂಕಕ್ಕೆ ಸೈನ್ಸ್ ಸೀಟು ಯಾರು ಕೊಡುತ್ತಾರೆ? ಪಿನ್ನು ಬಿದ್ದಿದ್ದು ಪುಸ್ತಕಕ್ಕೆ ಮಾತ್ರ ಅಲ್ಲ.

ಹುಡುಗಿ ದಡ್ಡಿಯೂ ಅಲ್ಲ. ತಿಳಿಯದ್ದನ್ನು ಬರೆಯುವ ಅಭ್ಯಾಸ ಅವಳಿಗಿಲ್ಲ, ಹಾಗೇ ಬಿಟ್ಟು ಬರುತ್ತಾಳೆ. ನಮ್ಮ ವಂಶದಲ್ಲಿ ಅಷ್ಟು ಪ್ರಾಮಾಣಿಕತೆ ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನಿಂದಂತೂ ಅಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಶಾಲೆಗೆ ನುಗ್ಗಿದೆ. ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿದ್ದರು. ನಾನು ಮೇಜಿನ ಮೇಲೆ ಪುಸ್ತಕ ಎಸೆದೆ.

“ಕುಂದ್ರಿ ಯಜಮಾನ್ರ,” ಅಂದರು. “ನಾನೇನು ಆಕಿ ವೈರಿ ಅಲ್ರಿ. ಫೇಲಾದ್ರ ಮ್ಯಾಲಿನವ್ರು ನನ್ನ ಕೇಳ್ತಾರ.”

“ಪಾಸಾದ್ರ?”

“ಪಾಸಾದ್ರ ಯಾರೂ ಏನೂ ಕೇಳಂಗಿಲ್ರಿ.”

“ಅದ್ಕ ನಾನು ಬಂದೀನಿ ಸರ, ಕೇಳಾಕ.”

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಒಂದು ಮಾತು ಕೊಟ್ಟರು. ಪ್ರಿಪರೇಟರಿ ಪರೀಕ್ಷೆಯಲ್ಲಿ ಇವಳು ಪೂರ್ತಿ ಪೇಪರು ಬರೆದು ಫಸ್ಟ್ ಕ್ಲಾಸ್ ತೆಗೆದರೆ ಮುಂದಿನ ಬೆಂಚು. ಇಲ್ಲದಿದ್ದರೆ ಪ್ಯಾಕೇಜು, ಮತ್ತೆ ನಾನು ಆ ಕಡೆ ತಲೆ ಹಾಕಬಾರದು.

ಮನೆಗೆ ಬಂದು ಈಳಿಗೆಮಣೆ ಮುಂದಿಟ್ಟುಕೊಂಡು ಅದರ ತುದಿಯಿಂದ ಒಂದೊಂದೇ ಪಿನ್ನು ಎಬ್ಬಿಸಿದೆ. ಪುಟ ಹರಿದಾಗಲೆಲ್ಲ ಬೈದೆ. ಪಿನ್ನು ಚುಚ್ಚಿದಾಗ ಇನ್ನೂ ದೊಡ್ಡದಾಗಿ ಬೈದೆ. ತೆಗೆದ ಪಾಠಗಳಲ್ಲಿ ಏನಿತ್ತು ಗೊತ್ತೇ? ಆಮ್ಲ, ಪ್ರತ್ಯಾಮ್ಲ, ಕರೆಂಟು, ಬೆಳಕು. ಇವನ್ನು ಬಿಟ್ಟರೆ ವಿಜ್ಞಾನದಲ್ಲಿ ಉಳಿಯುವುದೇನು, ರಟ್ಟು.

ಕಲಿಸುವ ವಿದ್ಯೆ ನನಗೆ ಗೊತ್ತಿಲ್ಲ. ಕಿತಾಪತಿ ಗೊತ್ತು. ಅಳಿಯನ ಬಿಳಿ ಬನಿಯನ್ನಿಗೆ ಅರಿಶಿನ ಬಳಿದು ಬಟ್ಟೆಗಳ ನಡುವೆ ತುರುಕಿದೆ. ಮಗಳು ಸೋಪು ಹಚ್ಚಿ ಉಜ್ಜುತ್ತಿದ್ದಂತೆ ಅದು ಕೆಂಪಾಯಿತು. ಗಂಡನಿಗೆ ಫ್ಯಾಕ್ಟರಿಯಲ್ಲಿ ಏಟು ಬಿದ್ದಿದೆ, ನನಗೆ ಹೇಳಿಲ್ಲ ಎಂದು ಅವಳು ಅಳಲು ಕೂತಳು. ಶಿಫ್ಟ್ ಮುಗಿಸಿ ಬಂದ ಅಳಿಯ ಅಂಗಿ ಬಿಚ್ಚಿ ಬೆನ್ನು ತೋರಿಸಬೇಕಾಯಿತು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಪುಸ್ತಕ ತಂದು, ಸೋಪು ಪ್ರತ್ಯಾಮ್ಲ, ಅದಕ್ಕೇ ಅರಿಶಿನ ಕೆಂಪಾಯಿತು ಎಂದು ಅಪ್ಪನಿಗೆ ಬಿಡಿಸಿ ಹೇಳಿದಳು. ಅಳಿಯ ನನ್ನ ಜೊತೆ ಒಂದು ವಾರ ಮಾತು ಬಿಟ್ಟ. ಪಾಠ ಮಾತ್ರ ಅವಳ ತಲೆಯಿಂದ ಹೋಗಲಿಲ್ಲ.

ಬೆಳಕಿನ ಪಾಠಕ್ಕೆ ಹಂಪಿಗೆ ಕರೆದೊಯ್ದೆ. ಅಲ್ಲಿನ ದೇವಸ್ಥಾನದ ಹಿಂಬದಿಯ ಕತ್ತಲ ಕೋಣೆಯಲ್ಲಿ ಗೋಡೆಯ ಒಂದು ಕಿಂಡಿಯಿಂದ ಬೆಳಕು ಬಂದು ಎದುರಿನ ಗೋಡೆಯ ಮೇಲೆ ಗೋಪುರ ತಲೆಕೆಳಗಾಗಿ ಮೂಡುತ್ತದೆ. ಚಿಕ್ಕಂದಿನಿಂದ ನೋಡಿದ್ದೆ, ಒಂದು ದಿನವೂ ಯಾಕೆ ಎಂದು ಕೇಳಿರಲಿಲ್ಲ. ಅವಳು ಕಿಂಡಿಯ ಹತ್ತಿರ ಒಮ್ಮೆ, ಗೋಡೆಯ ಹತ್ತಿರ ಒಮ್ಮೆ ನಿಂತು, “ಬೆಳಕು ನೆಟ್ಟಗ ಬರ್ತತಿ ತಾತ. ಮ್ಯಾಲಿಂದ ಹೊರಟಿದ್ದು ಕಿಂಡ್ಯಾಗ ಹಾದು ಕೆಳಗ ಬೀಳ್ತತಿ, ಅಷ್ಟ,” ಅಂದಳು.

ಮನೆಗೆ ಬಂದು ನೋಡಿದರೆ ಆ ಪಾಠದ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಪೂರ್ತಿ ಬಿಂಬ ಮೂಡುತ್ತದೆಯೇ?

“ಇದೇನ್ ಕೇಳೋದು,” ಅಂದೆ. “ಅರ್ಧ ಕಿಟಕಿ ಹಾಕಿದ್ರ ಅರ್ಧ ಊರು ಕಾಣ್ತತಿ. ಸುಳ್ಳಾದ್ರ ಅರ್ಧ ಮೀಸಿ ಬೋಳಸ್ತೀನಿ.”

ಅವಳು ನನ್ನ ಓದುವ ಕನ್ನಡಕ ಕಿತ್ತುಕೊಂಡಳು. ಕಿಟಕಿಯ ಎದುರಿನ ಗೋಡೆಗೆ ಹಿಡಿದು ಹಿಂದೆ ಮುಂದೆ ಸರಿಸಿದಳು. ಒಂದು ಕಡೆ ನಿಂತಾಗ ಹೊರಗಿನ ಬೇವಿನ ಮರ, ಕಿಟಕಿಯ ಸರಳು, ಎಲ್ಲ ಪುಟ್ಟದಾಗಿ, ತಲೆಕೆಳಗಾಗಿ ಗೋಡೆಯ ಮೇಲೆ ಬಂದವು. ಆಮೇಲೆ ಗಾಜಿನ ಅರ್ಧಕ್ಕೆ ರಟ್ಟು ಅಡ್ಡ ಹಿಡಿದಳು. ಮರ ಪೂರ್ತಿ ಇತ್ತು. ಬರೀ ಮಂಕಾಯಿತು.

ಕೆಳಗಿನ ಅರ್ಧ ಮುಚ್ಚು ಅಂದೆ. ಮರ ಪೂರ್ತಿ. ಎಡಕ್ಕೆ ಮುಚ್ಚು ಅಂದೆ. ಪೂರ್ತಿ. ನನಗೆ ಬೇವಿನ ಮರದ ಮೇಲೇ ಸಿಟ್ಟು ಬಂತು.

“ಗಾಜಿನ ಒಂದೊಂದು ಚೂರಿಗೂ ಇಡೀ ಮರದ ಬೆಳಕು ಬೀಳ್ತತಿ ತಾತ,” ಅಂದಳು. “ಅರ್ಧ ಮುಚ್ಚಿದ್ರ ಬೆಳಕು ಕಡಿಮಿ ಆಕ್ಕತಿ, ಮರ ಆಗಲ್ಲ. ರೇಜರ್ ತರ್ಲಾ?”

ಪ್ರಿಪರೇಟರಿಯಲ್ಲಿ ಅದೇ ಪ್ರಶ್ನೆ ಬಂತು. ಅವಳು ನೋಡಿದ್ದನ್ನೇ ಬರೆದಳು. ಉತ್ತರ ಪತ್ರಿಕೆ ಕೈಗೆ ಬಂದಾಗ ಫಸ್ಟ್ ಕ್ಲಾಸಿಗೆ ಒಂದೇ ಅಂಕ ಕಡಿಮೆ. ಆ ಉತ್ತರಕ್ಕೆ ಸೊನ್ನೆ.

ನಾನು ಮತ್ತೆ ಸ್ಟಾಫ್ ರೂಮಿಗೆ ಹೋದೆ, ಅವಳನ್ನು ಜೊತೆಗೆ ಎಳೆದುಕೊಂಡು. ಉತ್ತರ ಪತ್ರಿಕೆಯನ್ನು ಮೇಜಿನ ಮೇಲೆ ಬಡಿದೆ.

“ತಪ್ಪೇನೈತ್ರಿ ಸರ ಇದ್ರಾಗ?”

“ತಪ್ಪಿಲ್ರಿ. ಕೀ ಉತ್ತರದಾಗ ಬೇವಿನ ಮರ ಇಲ್ಲ.”

“ನೀವು ಮಾಡಿ ನೋಡೀರೇನು ಇದನ್ನ?”

“ಓದೀನ್ರಿ.”

“ನೋಡೀರೇನು ಅಂದೆ.”

ನಾನು ಕನ್ನಡಕ ತೆಗೆದು ಮೊಮ್ಮಗಳ ಕೈಗಿಟ್ಟೆ. ಅವಳು ಸ್ಟಾಫ್ ರೂಮಿನ ಗೋಡೆಯ ಮೇಲೆ ಶಾಲೆಯ ಗೇಟನ್ನು ತಲೆಕೆಳಗೆ ನಿಲ್ಲಿಸಿ, ಅರ್ಧ ಗಾಜಿಗೆ ಅದೇ ಉತ್ತರ ಪತ್ರಿಕೆಯನ್ನು ಅಡ್ಡ ಹಿಡಿದಳು. ಗೇಟು ಪೂರ್ತಿ ಇತ್ತು. ಮೇಷ್ಟ್ರು ಎದ್ದು ಬಂದು ಕನ್ನಡಕ ತಾವೇ ತೆಗೆದುಕೊಂಡರು. ಮೇಲೆ ಮುಚ್ಚಿದರು, ಕೆಳಗೆ ಮುಚ್ಚಿದರು. ಬೆಲ್ಲು ಹೊಡೆದರೂ ಕ್ಲಾಸಿಗೆ ಹೋಗಲಿಲ್ಲ. ಕೊನೆಗೆ ಸೊನ್ನೆ ಹೊಡೆದು ಹಾಕಿ ಅಂಕ ಬರೆದರು. “ದೊಡ್ಡ ಪರೀಕ್ಷಿ ಒಳಗ ಮಾತ್ರ ಪುಸ್ತಕದ ಮಾತಿನಾಗ ಬರಿ ತಾಯಿ,” ಅಂದರು.

ಅಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಆದರೆ ಮೇಜಿನ ಮೇಲೆ ವಿಜ್ಞಾನ ಪುಸ್ತಕಗಳ ಗುಡ್ಡೆ ಇತ್ತು. ಪ್ರಿಪರೇಟರಿಯಲ್ಲಿ ಕೆಳಗೆ ಬಿದ್ದ ಮಕ್ಕಳವು. ಮೇಷ್ಟ್ರು ಮಾತಾಡುತ್ತಲೇ ಒಂದನ್ನು ಎಳೆದುಕೊಂಡು ಬೆಳಕಿನ ಪಾಠ ಮಡಿಸಿ ಚಕ್ ಎಂದು ಪಿನ್ನು ಹೊಡೆದರು. ಈಗಷ್ಟೇ ಆ ಪಾಠವನ್ನು ಗೋಡೆಯ ಮೇಲೆ ಮಾಡಿ ನೋಡಿದ ಕೈ ಅದು.

“ಇವರಿಗೂ ತೋರಸ್ರಲ್ಲ ಸರ.”

“ಟೈಮಿಲ್ರಿ ಯಜಮಾನ್ರ.”

ಅವರು ನೀರು ಕುಡಿಯಲು ಆ ಕಡೆ ತಿರುಗಿದಾಗ ನಾನು ಸ್ಟೇಪ್ಲರನ್ನು ಅಂಗಿಯ ಜೇಬಿಗೆ ಇಳಿಸಿದೆ.

ಮೊಮ್ಮಗಳು ಪೂರ್ತಿ ಪುಸ್ತಕ ಓದಿ ಪರೀಕ್ಷೆ ಬರೆದಳು. ಈಗ ಪಿಯುಸಿ ಸೈನ್ಸು. ಹಿಂದಿನ ಬೆಂಚಿನವರು ಪಾಸಾದರಂತೆ, ಅಂದಮೇಲೆ ಯಾರೂ ಏನೂ ಕೇಳಿಲ್ಲ. ಅವರಲ್ಲೊಬ್ಬಳು ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, ಹೃದಯದ ಚಿತ್ರ ಕಣ್ಣು ಮುಚ್ಚಿ ಬರೆಯುತ್ತೇನೆ ತಾತ ಅಂದಳು. ನಿನ್ನ ಎದೆಯಲ್ಲಿ ಅದು ಯಾವ ಕಡೆ ಇದೆ ತೋರಿಸು ಅಂದೆ. ಬಲಗಡೆ ತೋರಿಸಿದಳು.

ಇಷ್ಟು ಹೇಳಿದ್ದರಲ್ಲಿ ಒಂದು ಮಾತು ನಾನು ಕಟ್ಟಿದ್ದು. ಮೀಸೆಯದು ಅಂತ ನೀವು ಅಂದುಕೊಂಡಿರುತ್ತೀರಿ. ಮೀಸೆ ನಿಜ, ಅದು ಪೂರ್ತಿ ಬೆಳೆಯುವತನಕ ಬಾಯಿಗೆ ಟವೆಲ್ ಹಿಡಿದು ಓಡಾಡಿದ್ದೇನೆ. ಸುಳ್ಳು ಸ್ಟೇಪ್ಲರಿನದು. ಅದನ್ನು ಎತ್ತಿದ್ದು ನಾನಲ್ಲ. ಆ ದಿನ ಮನೆಗೆ ಬಂದು, ಚಿತ್ರಾನ್ನ ಉಳಿದಿದೆಯೇ ಎಂದು ಮೊಮ್ಮಗಳ ಊಟದ ಡಬ್ಬಿ ತೆಗೆದೆ. ಒಳಗೆ ಸ್ಟೇಪ್ಲರು ಮಲಗಿತ್ತು.

“ನಾಳೆ ಹೊಸದು ತರ್ತಾರ ಬಿಡವ್ವ,” ಅಂದೆ.

“ತರ್ಲಿ ತಾತ. ಇವತ್ತೊಂದಿನ ಆದ್ರೂ ಓದ್ಲಿ ಅವ್ರು.”